ತಟ್ಟದೆ ತೆರೆದ ಬಾಗಿಲು

ಪರವೂರಿನಲ್ಲಿ ತಂಗುವ ಕೋಣೆ ಖಾಲಿಯಿದ್ದರೂ ನಮ್ಮವರು ಬಾಗಿಲು ತಟ್ಟಿಯೇ ಒಳಗೆ ಹೋಗುತ್ತಾರೆ, ಒಳಗೆ ಸತ್ತವರ ಆತ್ಮವೇನಾದರೂ ಇದ್ದರೆ ಎದ್ದು ಹೋಗಲಿ ಎಂದು. ಪಿಂಗ್‌ಯಾವ್ ಕೋಟೆಯೊಳಗಿನ ಆ ಹಳೆಯ ವಸತಿಗೃಹದಲ್ಲಿ ನನ್ನ ಗಂಡ ಯಾನ್‌ಫೆಂಗ್ ತಟ್ಟಲು ಕೈಯೆತ್ತಿದಾಗ ನಾನೇ ತಡೆದೆ. ತೀರಿಹೋದ ಮೊದಲ ಹೆಂಡತಿ ಷೂಯುನ್ ಜೊತೆ, ಮದುವೆಯಾದ ಹೊಸದರಲ್ಲಿ, ಅವನು ತಂಗಿದ್ದು ಅದೇ ಕೋಣೆಯಲ್ಲಿ.

"ಯಾರ ಅಪ್ಪಣೆ ಕೇಳ್ತಿದೀಯ? ಅವಳದಾ? ಈಗ ನಿನ್ನ ಹೆಂಡ್ತಿ ನಾನು," ಎಂದು ಬಾಗಿಲು ನೂಕಿ ಒಳನಡೆದೆ.

"ಶುರುವಾಯ್ತಪ್ಪ ಹೊಟ್ಟೆಕಿಚ್ಚು," ಎಂದು ಅವನು ನಕ್ಕ.

ಮಂಚವನ್ನು ಬಿಸಿಮಾಡುವ ಅಡಿಯ ಒಲೆ ಹಚ್ಚಿರಲಿಲ್ಲ. ಆದರೂ ಇಟ್ಟಿಗೆಯ ಮಂಚ ಗೋಡೆಯ ಬದಿಯಲ್ಲಿ ಮಾತ್ರ ಬೆಚ್ಚಗಿತ್ತು. ಮಧ್ಯಾಹ್ನ ಒಡತಿ ಮೂರು ಬಟ್ಟಲು ನೂಡಲ್ಸ್ ತಂದಳು.

"ನಾವಿಬ್ರೇ ಅಲ್ವಾ?" ಎಂದೆ.

"ಮತ್ತೆ ನಿಮ್ಮಕ್ಕಂಗೆ? ಬೆಳಗಿಂದ ಈ ಕೋಣೇಲಿ ಕಾಯ್ತಾ ಕೂತಿದ್ರಲ್ಲ, ಪಾಪ."

ನನಗೆ ಅಕ್ಕನೇ ಇಲ್ಲ. ಯಾನ್‌ಫೆಂಗ್ ಮೂರನೆಯ ಬಟ್ಟಲಿಗೆ ಧಾರಾಳವಾಗಿ ವಿನೆಗರ್ ಸುರಿದು ಗೋಡೆಯ ಬದಿಗೆ ಇಟ್ಟ. ನನಗೆ ಎಷ್ಟು ವಿನೆಗರ್ ಬೇಕೆಂದು ಅವನಿಗೆ ಇಂದಿಗೂ ಗೊತ್ತಿಲ್ಲ.

ನಾನು ಹಟ ಹಿಡಿದು ಅಂದೇ ಅವನನ್ನು ಹೊರಡಿಸಿದೆ. ಸಂಜೆ ತಾಯ್‌ಯುವಾನ್‌ನ ನಮ್ಮ ಮನೆ ಮುಟ್ಟಿದೆವು. ನಾನು ಬೀಗಕ್ಕೆ ಕೀಲಿಕೈ ತೂರಿಸುವ ಮೊದಲೇ, ಒಳಗಿನಿಂದ ಯಾರೋ ಮೆಲ್ಲಗೆ ಬಾಗಿಲು ತಟ್ಟಿದರು.