ಕರಿ ಕಂಡಿಕಿ

ಶಾಲೆಯಲ್ಲಿ ಊಟದ ಬಿಡುವಿಗೆ ಸ್ನೇಹಾ ಡಬ್ಬಿ ತೆಗೆದಳು. ಕೈ ಜೋಡಿಸಿ ಕಣ್ಣು ಮುಚ್ಚಿದಳು. ತುಟಿ ಅಲುಗತೊಡಗಿತು.

ಎದುರಿಗೆ ಕೂತಿದ್ದ ಕಾವೇರಿ ರೊಟ್ಟಿ ಮುರಿಯುವುದನ್ನು ಬಿಟ್ಟು ಕಿವಿ ನಿಮಿರಿಸಿದಳು. ಗುಸುಗುಸು ಮಾತಿನ ನಡುವೆ ಒಂದು ಹೆಸರು ಮಾತ್ರ ಸರಿಯಾಗಿ ಕೇಳಿಸಿತು. ಅದು ಅವಳದೇ ಹೆಸರು!

"ನನ್ನ ಹೆಸರ ಯಾಕ ತಗೊಂಡಿ ಬೇ?"

"ಪ್ರಾರ್ಥನಾ ಮಾಡಾಕತ್ತಿದ್ದೆ," ಎಂದಳು ಸ್ನೇಹಾ.

"ಪ್ರಾರ್ಥನಾದಾಗ ನನ್ನ ಹೆಸರಿಂದ ಏನ್ ಕೆಲಸ?"

ಸ್ನೇಹಾ ನಕ್ಕು ಬದನೆಕಾಯಿ ಪಲ್ಯದ ಡಬ್ಬಿ ಮುಂದೆ ತಳ್ಳಿದಳು. ಕಾವೇರಿಗೆ ಪಲ್ಯ ರುಚಿಸಲಿಲ್ಲ.

ಅವಳ ಅನುಮಾನಕ್ಕೆ ಕಾರಣವಿತ್ತು. ಬನಹಟ್ಟಿಯ ಅವಳ ಮನೆಯಲ್ಲಿ ಎರಡು ಪವರ್‌ಲೂಮ್ ಇವೆ. ಅಪ್ಪ ಸೀರೆ ನೇಯುತ್ತಾನೆ. ಅಜ್ಜಿ ತಾಯವ್ವ ರಾಟಿಯ ಮುಂದೆ ಕೂತು ಸಣ್ಣ ಕಡ್ಡಿಗಳಿಗೆ ನೂಲು ಸುತ್ತುತ್ತಾಳೆ. ಹಾಗೆ ಸುತ್ತಿದ್ದೇ ಕಂಡಿಕಿ. ಲಾಳಿಯೊಳಗೆ ಕೂತು ಅದು ಮಗ್ಗದಲ್ಲಿ ಆಚೆ ಈಚೆ ಓಡಿದರೆ ಸೀರೆ ತಯಾರಾಗುತ್ತದೆ.

ಹೋದ ವಾರ ಅಜ್ಜಿ ಊಟಕ್ಕೆ ಎದ್ದಾಗ ಕಾವೇರಿ ರಾಟಿಗೆ ಕೂತಿದ್ದಳು. ಹೊರಗೆ ಗೆಳತಿಯರು ಆಟಕ್ಕೆ ಕರೆಯುತ್ತಿದ್ದರು. ಅವಸರದಲ್ಲಿ ಕಡುನೀಲಿ ನೂಲಿನ ಬದಲು ಕಪ್ಪು ನೂಲಿನಲ್ಲಿ ಮೂರು ಕಂಡಿಕಿ ಸುತ್ತಿಬಿಟ್ಟಳು. ನೋಟ್‌ಬುಕ್ ಕೇಳಲು ಬಂದಿದ್ದ ಸ್ನೇಹಾ, "ಇದು ಕರೀದಲ್ಲೇನ?" ಎಂದಿದ್ದಳು.

"ನಿನಗೇನ್ ಗೊತ್ತು? ನಿಮ್ಮನ್ಯಾಗ ಮಗ್ಗ ಐತೇನು?" ಎಂದು ಕಾವೇರಿ ಅವಳ ಬಾಯಿ ಮುಚ್ಚಿಸಿದ್ದಳು.

ಟ್ಯೂಬ್‌ಲೈಟ್ ಬೆಳಕಿನಲ್ಲಿ ಅಪ್ಪನಿಗೂ ವ್ಯತ್ಯಾಸ ತಿಳಿಯಲಿಲ್ಲ. ಬಿಸಿಲಲ್ಲಿ ಸೀರೆ ಬಿಚ್ಚಿದ ವ್ಯಾಪಾರಿಗೆ ತಿಳಿಯಿತು. ನಡುವೆ ಗೇಣಗಲ ಕಪ್ಪು ಪಟ್ಟೆ! ಸೀರೆ ಮನೆಗೆ ವಾಪಸ್ ಬಂತು.

"ಯವ್ವಾ, ಇನ್ ನಿನಗ ಕಣ್ಣ ಕಾಣಂಗಿಲ್ಲ. ಸಾಕ್ ಬಿಡು," ಎಂದು ಅಪ್ಪ ರಾಟಿಯನ್ನು ಅಟ್ಟಕ್ಕೆ ಹಾಕಿದ. ಆವತ್ತಿನಿಂದ ಅಜ್ಜಿ ಕಟ್ಟೆಯ ಮೇಲೆ ಸುಮ್ಮನೆ ಕೂತು ಸೆರಗಿನ ತುದಿಯನ್ನು ಬೆರಳಿಗೆ ಸುತ್ತುತ್ತಾಳೆ, ಬಿಚ್ಚುತ್ತಾಳೆ. ನೋಡಿದರೆ ಕಾವೇರಿಗೆ ಅಳು ಬರುತ್ತದೆ. ಆದರೂ ಅವಳು ಬಾಯಿ ಬಿಟ್ಟಿಲ್ಲ.

ನಿಜ ಗೊತ್ತಿರುವುದು ಸ್ನೇಹಾಗೆ ಮಾತ್ರ. ಆ ಸ್ನೇಹಾ ದಿನಾ ಕಣ್ಣು ಮುಚ್ಚಿ ದೇವರ ಹತ್ತಿರ ಮಾತಾಡುತ್ತಾಳೆ. ಚಾಡಿ ಹೇಳುತ್ತಿದ್ದಾಳೆ, ಇನ್ನೇನು! ಇವತ್ತು ದೇವರಿಗೆ, ನಾಳೆ ಎಲ್ಲರಿಗೂ.

ಮರುದಿನ ಕಾವೇರಿ ಶೇಂಗಾ ಚಟ್ನಿ, ಗಟ್ಟಿ ಮೊಸರು ತಂದು ಸ್ನೇಹಾಗೆ ಧಾರಾಳವಾಗಿ ಬಡಿಸಿದಳು. ಸ್ನೇಹಾ ಕಣ್ಣು ಮುಚ್ಚಿ ಇನ್ನೂ ಉದ್ದ ಪ್ರಾರ್ಥನೆ ಮಾಡಿದಳು. ಚಟ್ನಿ ದಂಡವಾಯಿತು.

ಶನಿವಾರ ಶಾಲೆಯಿಂದ ಬಂದರೆ ಮನೆಯ ಮುಂದೆ ಸ್ನೇಹಾಳ ಅವ್ವನ ಸ್ಕೂಟಿ! ಅವರು ದವಾಖಾನೆಯ ನರ್ಸ್. ಚಾಡಿ ಮನೆತನಕ ಬಂತು ಎಂದುಕೊಂಡ ಕಾವೇರಿ ಬಾಗಿಲ ಹಿಂದೆ ನಿಂತು ಕೇಳಿಸಿಕೊಂಡಳು.

"ಬಿಪಿ ಬರೋಬ್ಬರಿ ಐತ್ರಿ ಆಯಿ. ಊಟಾ ಬಿಡಬ್ಯಾಡ್ರಿ," ಎಂದರು ಅವರು ಅಜ್ಜಿಗೆ.

ಅಷ್ಟೇ. ಬೇರೆ ಮಾತಿಲ್ಲ. 'ಭಾಳ ಹುಷಾರ್ ಮಂದಿ,' ಅಂದುಕೊಂಡಳು ಕಾವೇರಿ.

ತಡೆಯಲಾರದೆ ಸಂಜೆ ಓಣಿಯಲ್ಲಿ ಸ್ನೇಹಾಳನ್ನು ಅಡ್ಡಗಟ್ಟಿದಳು. "ನಿಮ್ಮ ದೇವ್ರಿಗೆ ನನ್ನ ಬಗ್ಗೆ ಏನೇನ್ ಹೇಳೀದಿ? ಖರೆ ಹೇಳ!"

ಸ್ನೇಹಾ ಬೆಚ್ಚಿದಳು. "ಕಾವೇರಿ ಆಯೀದ ರಾಟಿ ತಗದಿಟ್ಟಾರ, ಆಯಿಗೆ ಸಮಾಧಾನ ಕೊಡು ಅಂದೆ."

"ಕರಿ ಕಂಡಿಕಿ ಸುದ್ದಿ?"

"ಅದನ್ಯಾಕ ನಾ ಹೇಳ್ಲಿ? ದೇವ್ರಿಗೆ ಮೊದಲ ಗೊತ್ತಿರ್ತೈತಿ. ಅದು ನೀನ ಹೇಳೂದು."

"ಗೊತ್ತಿದ್ರ ಮತ್ತ ಹೇಳೂದ್ಯಾಕ?" ಕಾವೇರಿ ಅಷ್ಟು ಸುಲಭಕ್ಕೆ ನಂಬುವವಳಲ್ಲ.

"ಅವ್ವನ ವಾಚ್ ಒಡದಾಗ ನಾನೂ ಹಂಗ ಕೇಳಿದ್ದೆ. ಯೇಸುಸ್ವಾಮಿ ದೇವ್ರಿಗೆ ಅಪ್ಪಾ ಅಂತಿದ್ದನಂತ. ಅದಕ್ಕ ನಾವೂ ಅಪ್ಪಾ ಅಂತೀವಿ. ತಪ್ಪ ಮುಚ್ಚಿಟ್ರ ನಾವ ಅವನ ಕಡಿಂದ ದೂರ ಹೋಗ್ತೀವಿ, ಅವ ಎಲ್ಲೂ ಹೋಗಂಗಿಲ್ಲ ಅಂದ್ಲು ಅವ್ವ."

"ಅಂದ್ರ ದೇವ್ರಿಗೆ ಹೇಳಿದ್ರ ಮುಗೀತೇನು? ಆರಾಮಾತಲ್ಲ!"

"ಎಲ್ಲಿ ಆರಾಮ? ವಾಚಿನ ಸುದ್ದಿ ಅವ್ವಗೂ ಹೇಳಬೇಕಾತು. ದೇವ್ರಿಗೆ ಹೇಳೂದು ಸಲೀಸಿತ್ತು. ಅವ್ವಗ ಹೇಳೂ ಮುಂದ ಮೂರ್ ಸಲ ಬಾಗಲಾ ತನಕಾ ಹೋಗಿ ತಿರುಗಿ ಬಂದೆ."

ಕಾವೇರಿ ಅವಳ ಮುಖವನ್ನೇ ದಿಟ್ಟಿಸಿದಳು. ಸುಳ್ಳು ಹೇಳುವವರ ಮುಖ ಹಾಗಿರುವುದಿಲ್ಲ.

ಮನೆಗೆ ಬಂದಾಗ ಅಜ್ಜಿ ಕಟ್ಟೆಯ ಮೇಲೆ ಸೆರಗು ಸುತ್ತುತ್ತ ಕೂತಿದ್ದಳು. ಕಾವೇರಿ ಪಕ್ಕದಲ್ಲಿ ಕೂತಳು, ಎದ್ದಳು, ಮತ್ತೆ ಕೂತಳು.

"ಆಯೀ, ಆ ಕರಿ ಕಂಡಿಕಿ ನಾ ಸುತ್ತಿದ್ದೆ."

"ಗೊತ್ತೈತಿ," ಎಂದಳು ಅಜ್ಜಿ. "ಬುಟ್ಟ್ಯಾಗ ಒಂದ್ ಉಳದಿತ್ತು. ನಿನ್ನ ಸುತ್ತು ಸಡ್ಲ ಇರ್ತೈತಿ. ಕೈಯಾಗ ಹಿಡದ ಕೂಡ್ಲೆ ತಿಳೀತು."

"ಮತ್ತ ಅಪ್ಪಗ ಯಾಕ ಹೇಳ್ಲಿಲ್ಲ?"

"ನೀ ಬರ್ತಿ ಅಂತ ದಾರಿ ನೋಡಾಕತ್ತಿದ್ದೆ."

ಕಾವೇರಿಗೆ ಅಳು ತಡೆಯಲಾಗಲಿಲ್ಲ. ಅಜ್ಜಿ ಅವಳನ್ನು ಎಳೆದು ತೊಡೆಯ ಮೇಲೆ ಮಲಗಿಸಿಕೊಂಡಳು. ಒಂದು ವಾರದಿಂದ ಯಾರು ಹೇಳಿಬಿಡುತ್ತಾರೋ ಎಂದು ಕಾವೇರಿ ಊರವರ ಮೇಲೆಲ್ಲ ಕಣ್ಣಿಟ್ಟಿದ್ದಳು. ತನಗಾಗಿ ಕಾಯುತ್ತಿದ್ದವಳು ಮನೆಯ ಕಟ್ಟೆಯ ಮೇಲೇ ಇದ್ದಳು.

ಸ್ವಲ್ಪ ಹೊತ್ತಿಗೆ ಕಾವೇರಿ ಕಣ್ಣೊರೆಸಿಕೊಂಡು ಎದ್ದಳು. ಮಗ್ಗದ ಕೋಣೆಯಲ್ಲಿ ಖಟಖಟ ಸದ್ದು ಜೋರಾಗಿತ್ತು.

"ಅಪ್ಪಾ!"

ಅವನಿಗೆ ಕೇಳಿಸಲಿಲ್ಲ. ತಿರುಗಿ ಹೋಗಿದ್ದರೂ ನಡೆಯುತ್ತಿತ್ತು. ಅವಳು ಇನ್ನೂ ಹತ್ತಿರ ಹೋಗಿ ಅವನ ಅಂಗಿ ಜಗ್ಗಿದಳು. ಅವಳ ಮುಖ ನೋಡಿದ ಅಪ್ಪ ಎರಡೂ ಮಗ್ಗ ಬಂದ್ ಮಾಡಿದ. ಕೋಣೆ ಒಮ್ಮೆಲೇ ಶಾಂತವಾಯಿತು.

"ಏನವಾ?"

ಕಾವೇರಿ ಬಾಗಿಲ ಕಡೆ ತಿರುಗಿ ನೋಡಿದಳು. ಸ್ನೇಹಾ ಹೇಳಿದ್ದು ಖರೆ ಇತ್ತು.

"ಅಪ್ಪಾ, ಅಟ್ಟದ ಮ್ಯಾಲಿಂದ ಆಯಿ ರಾಟಿ ಇಳಸು," ಎಂದಳು. "ಯಾಕಂದ್ರ..."