ಲಾವಂಚದ ಕಟ್ಟು

ಕದಿರವನ್ ನಗುವಾಗ ಮೊದಲು ಎಡಗಣ್ಣು ಕಿರಿದಾಗುತ್ತಿತ್ತು. ಕೆಲಸ ಬಿಟ್ಟು ಅದನ್ನೇ ನೋಡುತ್ತ ಕೂತವಳು ನಾನು, ಯಾಳಿನಿ, ಕಾಲೇಜಿನ ಸಂಶೋಧನಾ ಸಹಾಯಕಿ.

ಪಾಲಾರ್ ದಂಡೆಯ ನಮ್ಮೂರಿನಲ್ಲಿ ಚರ್ಮ ಹದ ಮಾಡುವ ಕಾರ್ಖಾನೆಗಳ ಕೊಳಚೆ ನಿಂತ ಹೊಂಡವೊಂದಿದೆ. ಅದರ ಮೇಲೆ ತೆಪ್ಪ ತೇಲಿಬಿಟ್ಟು ಲಾವಂಚ ಬೆಳೆಸಿದ್ದೆವು. ನೀರಿನಲ್ಲಿರುವ ಕ್ರೋಮಿಯಂ ವಿಷವನ್ನು ಅದರ ಬೇರು ಹೀರಿಕೊಳ್ಳುತ್ತದೆ. ಹೋಲಿಸಿ ನೋಡಲು ಪಕ್ಕದ ಶುದ್ಧ ನೀರಿನ ತೊಟ್ಟಿಯಲ್ಲೂ ಬೆಳೆಸಿದ್ದೆವು. ತೆಪ್ಪ ನೋಡಿಕೊಳ್ಳುವವನು ಕದಿರವನ್. ಕಿತ್ತ ಬೇರನ್ನು ತೊಳೆದು, ಯಾವುದು ಎಲ್ಲಿಯದೆಂದು ಚೀಟಿ ಕಟ್ಟುವುದು ನನ್ನ ಕೆಲಸ.

ಆ ದಿನ ಅವನು ಬೇರಿನ ಎಳೆಯೊಂದನ್ನು ಕಿವಿಗೆ ಸಿಕ್ಕಿಸಿಕೊಂಡು, "ಮೇಡಂ, ಮದುಮಗನ ಹಾಗೆ ಕಾಣ್ತೀನಾ?" ಅಂದ. ನಾನು ನಗುತ್ತಲೇ ಚೀಟಿ ಕಟ್ಟಿದೆ. ಬೇಸಿಗೆಯಲ್ಲಿ ಕುಡಿಯುವ ನೀರಿನ ಮಡಕೆಗೆ ಲಾವಂಚ ಹಾಕದ ಮನೆ ನಮ್ಮ ಕಡೆ ಇಲ್ಲ. ತೊಟ್ಟಿಯ ಬೇರಿನ ಕಟ್ಟೊಂದನ್ನು ಅವನ ಕೈಗಿಟ್ಟು, ನಿಮ್ಮಮ್ಮನ ಮಡಕೆಗೆ ಅಂದೆ. ನಾನು ಅವನಿಗೆ ಕೊಟ್ಟ ಮೊದಲ ಉಡುಗೊರೆ ಅದು.

ಮರುದಿನದಿಂದ ಆ ಮಡಕೆಯ ನೀರನ್ನೇ ಬಾಟಲಿಯಲ್ಲಿ ತರತೊಡಗಿದ. ಮೊದಲ ಗುಟುಕು ನನಗೆ. ಈ ಘಮದ ಹುಡುಗಿಯನ್ನು ಮನೆಗೆ ಯಾವಾಗ ಕರೆತರುತ್ತೀಯ ಅಂತ ಅವನ ಅಮ್ಮ ವೇದವಲ್ಲಿ ದಿನಾ ಕೇಳುತ್ತಾರಂತೆ. ಅದನ್ನು ಹೇಳುವಾಗ ಅವನು ನನ್ನ ಮುಖ ಬಿಟ್ಟು ಹೊಂಡ ನೋಡುತ್ತಿದ್ದ, ಕಿವಿ ಕೆಂಪಾಗುತ್ತಿತ್ತು.

ಹನ್ನೊಂದನೇ ದಿನ, ಸೋಮವಾರ, ಪರೀಕ್ಷೆಗೆ ಕಳಿಸಿದ್ದ ಬೇರುಗಳ ಲ್ಯಾಬ್ ವರದಿ ಬಂತು. ತೊಟ್ಟಿಯದೆಂದು ನಾನು ಚೀಟಿ ಕಟ್ಟಿದ್ದ ಬೇರಿನ ತುಂಬ ಕ್ರೋಮಿಯಂ. ಚೀಟಿಗಳನ್ನು ಅದಲುಬದಲು ಕಟ್ಟಿದ್ದೆ. ಅವನಮ್ಮನ ಮಡಕೆ ಸೇರಿದ್ದು ಹೊಂಡದ ಬೇರು.

ಆಗಲೇ ಓಡಿಹೋಗಿ ಹೇಳಬೇಕಿತ್ತು. ಹೇಳಲಿಲ್ಲ. ಕೆಲಸ ಹೋದೀತು ಅಂತಲ್ಲ, ಅವನು ಹೋದಾನು ಅಂತ. ಬಾಟಲಿ ಚಾಚಿದಾಗ ಬಾಯಾರಿಕೆ ಇಲ್ಲ ಅಂದೆ. ಅವನು ಕುಡಿದ. ನಾನು ನೋಡುತ್ತ ನಿಂತಿದ್ದೆ. ಮಂಗಳವಾರವೂ ಹಾಗೇ. ಥೂ, ನನ್ನ ಜನ್ಮಕ್ಕಿಷ್ಟು ಬೆಂಕಿ ಹಾಕ.

ಬುಧವಾರ ಮಧ್ಯಾಹ್ನ ಅವನು ಊಟಕ್ಕೆ ಹೊರಟಾಗ ಹಿಂದೆಯೇ ಅವನ ಮನೆಗೆ ಹೋದೆ. ವೇದವಲ್ಲಿ ಅಮ್ಮ ಬಾಯ್ತುಂಬ ಮಾತಾಡಿಸಿ, ಚೊಂಬಿನಲ್ಲಿ ನೀರು ತಂದರು. ನಾನು ಮಡಕೆಯನ್ನೇ ಎತ್ತಿ ಅಂಗಳಕ್ಕೆ ಸುರಿದೆ. ಒಂದನ್ನೂ ಬಿಡದೆ ಹೇಳಿದೆ. ಇಷ್ಟು ದಿನ ಗಂಟಲಲ್ಲೇ ಉಳಿದಿದ್ದ ಪ್ರೀತಿಯ ಮಾತೂ ಆ ಹಾಳು ಹೊತ್ತಿನಲ್ಲೇ ಹೊರಬಿತ್ತು.

ಕದಿರವನ್ ಒದ್ದೆ ನೆಲದ ಮೇಲೆ ಬಿದ್ದಿದ್ದ ಬೇರಿನ ಕಟ್ಟನ್ನು ಕಾಲಿನಿಂದ ಸರಿಸಿದ.

"ಸೋಮವಾರ ಬಾಯಾರಿಕೆ ಇಲ್ಲ ಅಂದ್ರಲ್ಲ ಮೇಡಂ. ನಿಜಾನಾ?"

ಹೌದು ಅಂದಿದ್ದರೆ ನಂಬುತ್ತಿದ್ದನೇನೋ.

"ಬಾಯಾರಿತ್ತು," ಅಂದೆ.

ಅವನು ಅಮ್ಮನನ್ನು ಬೈಕಿನಲ್ಲಿ ಕೂರಿಸಿಕೊಂಡು ಆಸ್ಪತ್ರೆಗೆ ಹೊರಟ. ನನ್ನನ್ನು ಯಾರೂ ಕರೆಯಲಿಲ್ಲ, ಬಸ್ಸು ಹಿಡಿದು ಹೋದೆ. ಮೂವರೂ ರಕ್ತ ಕೊಟ್ಟೆವು. ಬೆಂಚಿನ ಮೇಲೆ ಅಮ್ಮ ನನ್ನ ಕೈ ಹಿಡಿದುಕೊಂಡೇ ಇದ್ದರು. ಬೈದಿದ್ದರೆ ಎಷ್ಟೋ ಹಗುರಾಗುತ್ತಿತ್ತು.

ಹೊರಗೆ ಬಂದಾಗ ಅವನು ಬೈಕಿಗೆ ಕೀಲಿ ಹಾಕುತ್ತ, "ಶನಿವಾರ ರಿಪೋರ್ಟ್ ಬರುತ್ತೆ. ಓದಿ ಹೇಳೋಕೆ ನೀನೇ ಬರಬೇಕು," ಅಂದ.

"ಆಮೇಲೆ?"

"ಆಮೇಲಿನದು ನನಗೂ ಗೊತ್ತಿಲ್ಲ ಯಾಳಿನಿ. ಅದರಲ್ಲಿ ಏನೇ ಇರಲಿ, ಅವತ್ತೇ ಹೇಳು."

ಹೇಳ್ತೀನಿ ಅಂದೆ.