ಸಲಾಮಾ ನಾರುತ್ತಿದ್ದಾಳೆ

ಮೊದಲ ಭೇಟಿಯಲ್ಲೇ ನಾನು ಅವೇಸೊನ ಪಾದದ ಮೇಲೆ ವಾಂತಿ ಮಾಡಿದೆ.

ನಿಜ. ಹೂವು ಬೀಳಲಿಲ್ಲ, ಕಣ್ಣು ಕಣ್ಣು ಕಲೆಯಲಿಲ್ಲ. ಬೆಳಿಗ್ಗೆ ತಿಂದಿದ್ದ ತೆಂಗಿನಹಾಲಿನ ತೊಗರಿಕಾಳು ಅಷ್ಟೂ ಅವನ ಹೆಬ್ಬೆರಳಿನ ಸಂದಿಗೆ ಹೋಯಿತು.

ತಪ್ಪು ನನ್ನದಲ್ಲ, ಸಲಾಮಾಳದ್ದು. ಸಲಾಮಾ ಅಂದರೆ ನಮ್ಮಪ್ಪನ ಹಾಯಿದೋಣಿ, ಇಟ್ಟದ್ದು ನಮ್ಮಜ್ಜಿಯ ಹೆಸರು. ನಾನು ಮೊಂಬಾಸದ ಕಾಲೇಜಿನಲ್ಲಿದ್ದಾಗ ನಮ್ಮ ದ್ವೀಪ ಲಾಮುವಿಗೆ ಬಿರುಗಾಳಿ ಬಂದು, ಉಕ್ಕಿದ ಕಡಲು ಅವಳನ್ನು ಎತ್ತಿ ಕಾಂಡ್ಲಾ ಪೊದೆಗಳಾಚೆ ದಿಬ್ಬದ ಮೇಲೆ ಎಸೆದಿತ್ತು. ಅಪ್ಪನ ಭುಜದ ಮೂಳೆ ಮುರಿಯಿತು, ಸಲಾಮಾಳ ಒಂದು ಮಗ್ಗುಲು ಮುರಿಯಿತು, ಹೊಟ್ಟೆಯೊಳಗಿದ್ದ ಮೀನು ಅಲ್ಲೇ ಕೊಳೆಯಿತು. ರಜೆಗೆ ಬಂದವಳ ಕೈಗೆ ಅಮ್ಮ ಊಟದ ಬುತ್ತಿ ಕೊಟ್ಟು, "ಫುಂಡಿಗೆ ಕೊಟ್ಟು ಬಾ" ಅಂದಳು. ದೋಣಿ ಬಡಗಿಯನ್ನು ನಾವು ಫುಂಡಿ ಅಂತಲೇ ಕರೆಯುವುದು. ನಾನು ಯಾರೋ ಹಲ್ಲಿಲ್ಲದ ತಾತ ಇರಬೇಕು ಅಂದುಕೊಂಡು ಹೋದೆ.

ತಾತ ಅಲ್ಲ. ರೆಪ್ಪೆಯ ಮೇಲೆಲ್ಲ ಮರದ ಪುಡಿ ಕೂತಿದ್ದ ಹುಡುಗ, ಅವೇಸೊ. ಅಂಥ ಉದ್ದನೆಯ ರೆಪ್ಪೆ ಗಂಡಸರಿಗೆ ಯಾಕೆ ಕೊಡುತ್ತಾನೋ ದೇವರು, ಸುಮ್ಮನೆ ವೇಸ್ಟು. ನಾನು ರೆಪ್ಪೆ ನೋಡುತ್ತಿರುವಾಗಲೇ ಅವನ ಹಿಂದಿನ ಡಬ್ಬದಿಂದ ಗಾಳಿ ಬೀಸಿತು. ಶಾರ್ಕ್ ಮೀನಿನ ಲಿವರನ್ನು ಬಿಸಿಲಲ್ಲಿ ಕರಗಿಸಿ ತೆಗೆದ ಎಣ್ಣೆ. ಹಲಗೆ ಕೊಳೆಯದಿರಲಿ ಅಂತ ದೋಣಿಗೆ ಹಚ್ಚುವುದು. ಸತ್ತ ಬೆಕ್ಕನ್ನು ಹಳೇ ಸಾಕ್ಸಿನಲ್ಲಿ ಸುತ್ತಿ ಉಪ್ಪಿನಕಾಯಿ ಹಾಕಿದರೆ ಹೇಗಿರುತ್ತದೋ ಹಾಗೆ.

ಆಮೇಲೆ ತೊಗರಿಕಾಳು.

"ಅಯ್ಯೋ! ಸಾರಿ! ಸಾರಿ!"

ಅವನು ಕಾಲು ನೋಡಿಕೊಂಡ. "ಇರಲಿ ಬಿಡಿ. ಇವತ್ತು ಈ ಕಾಲಿನ ಮೇಲೆ ಬಿದ್ದಿದ್ರಲ್ಲಿ ಇದೇ ಸ್ವಲ್ಪ ಕ್ಲೀನು."

ನೆರಳಲ್ಲಿ ಕೂತಿದ್ದ ಅಪ್ಪ ಕಟ್ಟು ಹಾಕಿದ ಭುಜ ಹಿಡಿದುಕೊಂಡೇ ಗದರಿದರು. "ಸ್ವಾಬ್ರಾ, ಮೂಗಿಂದ ಕೈ ತೆಗಿ! ನಿನ್ನ ಫೀಸು ಕಟ್ಟಿದ್ದು ಇದೇ ವಾಸನೆ ಕಣೇ."

ಅಪ್ಪನ ಸಿಡುಕಿಗೆ ಕಾರಣ ಇತ್ತು. ಕಾರಣ ದಿನಾ ಕತ್ತೆಯ ಮೇಲೆ ಕೂತು ಬರುತ್ತಿತ್ತು.

ಅವನು ಹೊಸ ಹೋಟೆಲಿನವನು. ಇಸ್ತ್ರಿ ಮಾಡಿದ ಬಿಳಿ ಅಂಗಿ, ಊರಿಗೆಲ್ಲ ಗೊತ್ತಾಗುವಷ್ಟು ಸೆಂಟು. ಇಳಿದವನೇ ಸಲಾಮಾಳ ಬೆನ್ನು ತಟ್ಟಿ ಟೇಪು ಹಿಡಿಯುತ್ತಿದ್ದ. "ಯಜಮಾನ್ರೇ, ಈ ಸೈಡು ಬಾರ್ ಕೌಂಟರು, ಆ ಸೈಡು ಟೇಬಲ್ಲು. ಹಳೇ ದೋಣಿ ಮೇಲೆ ಬಿಯರ್ ಇಟ್ಕೊಂಡು ಫೋಟೊ ತೆಗ್ಸೋದು ಅಂದ್ರೆ ಗೆಸ್ಟುಗಳು ಸಾಯ್ತಾರೆ."

ಕಡಲಿಗೆ ಇಳಿಯುವ ಮುಂಚೆ ಪ್ರಾರ್ಥನೆ ಮಾಡಿಯೇ ಹಲಗೆ ಮುಟ್ಟುವ ಅಪ್ಪ, ಬಿಯರ್ ಅನ್ನುವ ಮಾತಿಗೆ ಪಕ್ಕಕ್ಕೆ ಉಗಿದರು. ಆದರೂ, ದೋಣಿ ತೇಲದಿದ್ದರೆ ಅವನಿಗೇ ಮಾರುವುದಾಗಿ ಮಾತು ಕೊಟ್ಟಾಗಿತ್ತು. ಆ ದಿಬ್ಬದವರೆಗೂ ನೀರು ಏರುವುದು ವರ್ಷದ ದೊಡ್ಡ ಭರತಕ್ಕೆ ಮಾತ್ರ. ಅದು ಬರುವ ಹುಣ್ಣಿಮೆಗೆ. ಸಲಾಮಾ ಅವತ್ತು ತೇಲಿದರೆ ನಮ್ಮವಳು. ಇಲ್ಲದಿದ್ದರೆ ಗರಗಸಕ್ಕೆ.

ಹಾಗಾಗಿ ನನಗೂ ಕೆಲಸ ಬಿತ್ತು. ಹತ್ತಿಯನ್ನು ಎಣ್ಣೆಯಲ್ಲಿ ಅದ್ದಿ ತೊಡೆಯ ಮೇಲೆ ಹೊಸೆದು ಬತ್ತಿ ಮಾಡಿ ಕೊಡುವುದು. ಅವೇಸೊ ಅದನ್ನು ಹಲಗೆಗಳ ಸಂದಿಗೆ ಉಳಿಯಿಂದ ತುರುಕಿ ಟಕ್ ಟಕ್ ಅಂತ ಬಡಿಯುವುದು. ನೊಣಗಳು ನನ್ನ ತುಟಿಯ ಮೇಲೆ ಕೂತು ಆರಾಮಾಗಿ ಕೈ ಉಜ್ಜಿಕೊಳ್ಳುತ್ತಿದ್ದವು. ಥೂ. ಕೆಸರಿನಿಂದ ಗುಳುಗುಳು ಗುಳ್ಳೆ ಎದ್ದು ಒಡೆದಾಗೆಲ್ಲ ಕೊಳೆತ ಮೊಟ್ಟೆ. ಥೂ ಥೂ.

ಅದನ್ನೆಲ್ಲ ಸಹಿಸಿದೆ. ಸಹಿಸಲಾಗದ್ದು ಒಂದೇ. ಅವೇಸೊ ನನ್ನ ಹತ್ತಿರ ನಿಲ್ಲುತ್ತಲೇ ಇರಲಿಲ್ಲ.

ನಾನು ಈ ಕಡೆ ಕೂತರೆ ಅವನು ಆ ಕಡೆ. ನಾನು ಬತ್ತಿ ಕೊಡುವ ನೆಪದಲ್ಲಿ ಹೋದರೆ, ಒಂದು ಕ್ಷಣ ಆಕಾಶ ನೋಡಿ, ಉಳಿ ಕೊಡತಿ ಎತ್ತಿಕೊಂಡು ಸುತ್ತು ಹಾಕಿ ಇನ್ನೊಂದು ತುದಿಗೆ. ಅಲ್ಲಿಂದಲೇ ಕೂಗುತ್ತಿದ್ದ, "ಬತ್ತಿ ದಪ್ಪ ಆಯ್ತು ಕಾಲೇಜ್ ಮೇಡಂ! ದೋಣಿಗೆ ಜಡೆ ಹಾಕ್ತಿದೀರೋ?"

"ನಿಮ್ಮ ಬಾಯಿಗೆ ತುರುಕೋಕೆ ಅಂತ ಸ್ಪೆಷಲ್ಲಾಗಿ ಮಾಡಿದ್ದು!"

ನಗುತ್ತಿದ್ದ. ನಕ್ಕಾಗ ರೆಪ್ಪೆಯಿಂದ ಮರದ ಪುಡಿ ಉದುರುತ್ತಿತ್ತು. ಆದರೆ ದೂರದಿಂದ. ಯಾವಾಗಲೂ ದೂರದಿಂದ.

ಇವನಿಗೆ ನನ್ನ ಕಂಡರೆ ಹೇಸಿಗೆ ಅಂತ ತೀರ್ಮಾನಿಸಿದೆ. ಕಾಲ ಮೇಲೆ ವಾಂತಿ ಮಾಡಿದವಳನ್ನು ಯಾರು ತಾನೇ ಹತ್ತಿರ ಬಿಟ್ಟುಕೊಳ್ಳುತ್ತಾರೆ? ಮನೆಗೆ ಹೋಗಿ ಮೂರು ಸಲ ತಲೆಗೆ ಸ್ನಾನ ಮಾಡಿದೆ. ಬಟ್ಟೆಗೆ ಊದಿನ ಹೊಗೆ ಹಿಡಿದೆ. ಮಾರನೇ ದಿನ ತಲೆಯ ತುಂಬ ಮಲ್ಲಿಗೆ.

"ಮದುವೆಗೆ ಹೊರಟ್ಯೇನೇ?" ಅಂದಳು ಅಮ್ಮ.

"ದೋಣಿ ರಿಪೇರಿಗೆ!"

ಅವೇಸೊ ಮಲ್ಲಿಗೆ ನೋಡಿದ. ಕಿವಿ ಕೆಂಪಾಗಿದ್ದು ನಾಚಿಕೆಗೋ ಬಿಸಿಲಿಗೋ ಗೊತ್ತಿಲ್ಲ. ಆಮೇಲೆ ಎದ್ದು ಇನ್ನೂ ದೂರ ಹೋದ.

ಹುಣ್ಣಿಮೆಯ ಹಿಂದಿನ ದಿನ ಇದ್ದದ್ದು ಒಂದೇ ಕೆಲಸ, ಅತ್ಯಂತ ಅಸಹ್ಯದ್ದು. ಕುರಿಯ ಕೊಬ್ಬು ಕರಗಿಸಿ, ಸುಣ್ಣ ಕಲಸಿ, ದೋಣಿಯ ಅಡಿಗೆ ಬರಿಗೈಯಲ್ಲಿ ಮೆತ್ತುವುದು. ಅದು ಇಲ್ಲದೆ ಇಳಿಸಿದರೆ ಮರ ಕೊರೆಯುವ ಹುಳ ತಿಂದುಹಾಕುತ್ತದೆ. ಅವತ್ತೇ ಕಡಲಿಗೆ ಮೀನಿನ ಹಿಂಡು ಬಂದು, ಅವೇಸೊನ ಜೊತೆಯವರೆಲ್ಲ ಬಲೆ ಎತ್ತಿಕೊಂಡು ಓಡಿದ್ದರು. ಅಪ್ಪನ ಕೈ ಏಳುವುದಿಲ್ಲ. ಉಳಿದದ್ದು ಅವನೊಬ್ಬ, ಮತ್ತೆ ಮೂಗು ಮುಚ್ಚಿಕೊಂಡ ನಾನು.

ಕೊಬ್ಬು ಕುದಿಯುವ ಒಲೆಯ ಹೊಗೆ ಅವನ ಮುಖಕ್ಕೇ ಹೊಡೆಯುತ್ತಿತ್ತು. ಕಣ್ಣು ಕೆಂಡ. ಪೆದ್ದ, ಆ ಕಡೆ ನಿಂತರೆ ಆಗದೇ ಅಂದುಕೊಂಡೆ. ಮಧ್ಯಾಹ್ನ ಗಾಳಿ ತಿರುಗಿ ಹೊಗೆ ನನ್ನ ಕಡೆಗೆ ಬಂತು. ಅವನು ತಕ್ಷಣ ಸುಣ್ಣ ಕಲಸಿ ಆರಲು ಇಟ್ಟಿದ್ದ ಕೊಬ್ಬಿನ ಡಬ್ಬ ಎತ್ತಿಕೊಂಡು, ದೋಣಿ ಸುತ್ತಿ, ಮತ್ತೆ ಹೊಗೆಯೊಳಗೇ ಹೋಗಿ ನಿಂತ.

ನಾನು ಕೇಳಿಯೇಬಿಟ್ಟೆ.

"ಫುಂಡಿ, ಯಾಕೆ ಹಾಗೆ ಸುತ್ತುತ್ತೀರ? ನಾನೇನು ಕಚ್ತೀನಾ?"

"ಗಾಳಿ ತಿರುಗ್ತು."

"ತಿರುಗಿದ್ರೆ?"

"ನಾನು ನಾರ್ತೀನಿ, ಮೇಡಂ. ನನ್ನ ಕಡೆಯಿಂದ ನಿಮ್ಮ ಕಡೆ ಬೀಸಿದ್ರೆ ಮತ್ತೆ ಕಾಲು ತೊಳ್ಕೋಬೇಕಾಗತ್ತೆ." ನಕ್ಕ. ಆಮೇಲೆ ನಗಲಿಲ್ಲ. ಹಲಗೆ ನೋಡಿಕೊಂಡು ಹೇಳಿದ, "ಮೊದಲ್ನೇ ದಿನ ನನ್ನ ನೋಡಿ ನಿಮ್ಮ ಮುಖ ಹೇಗಾಯ್ತು ಅಂತ ನೋಡಿದ್ನಲ್ಲ. ಇನ್ನೊಂದು ಸಲ ಹಾಗೆ ನೋಡೋದು ಬೇಡ ಅನ್ಸ್ತು."

ಅಷ್ಟು ದಿನ. ಅಷ್ಟೂ ದಿನ ಇವನು ಆಕಾಶ ನೋಡುತ್ತಿದ್ದದ್ದು ನನ್ನ ಮೂಗಿಗೋಸ್ಕರ!

ನಾನು ಮೈಮುಚ್ಚುವ ನಿಲುವಂಗಿ ಬುಯಿಬುಯಿಯ ಕಪ್ಪು ತೋಳು ಮಡಚಿದೆ. ನೇರ ಅವನ ಹತ್ತಿರ ಹೋಗಿ ಡಬ್ಬದೊಳಗೆ ಮೊಣಕೈವರೆಗೂ ಕೈ ಹಾಕಿದೆ.

"ಏ, ಏ! ಬೇಡ—"

ಬೆಚ್ಚಗೆ, ಲೊಳಲೊಳ, ನಡುವೆ ಏನೋ ಗಂಟು ಗಂಟು. ವಾಕ್ ಅಂತ ಬಂದದ್ದನ್ನು ನುಂಗಿದೆ. "ಎಲ್ಲಿಂದ ಮೆತ್ತಬೇಕು, ಬೇಗ ಹೇಳಿ. ಬಾಯಿ ತುಂಬ ಹೊತ್ತು ಮುಚ್ಚಿರೋಕಾಗಲ್ಲ ನನಗೆ."

ದೋಣಿಯ ಕೆಳಗೆ ಅಂಗಾತ ಮಲಗಿ ಮೆತ್ತಿದೆವು. ಕೊಬ್ಬು ಕಿವಿಗೆ ತೊಟ್ಟಿಕ್ಕಿತು, ಮಲ್ಲಿಗೆ ಸುಣ್ಣದಲ್ಲಿ ಬೆಂದಿತು. ನೆರಳಲ್ಲಿದ್ದ ಅಪ್ಪ ತಮ್ಮ ಟೋಪಿಯನ್ನು ಕಣ್ಣಿನ ಮೇಲೆ ಎಳೆದುಕೊಂಡು ನಿದ್ದೆ ಬಂದವರಂತೆ ಮಾಡಿದರು. ಸೂರ್ಯ ಇಳಿಯುವಷ್ಟರಲ್ಲಿ ಮುಗಿಯಿತು.

ಬೆಳಿಗ್ಗೆ ಊರೆಲ್ಲ ಹಗ್ಗ ಹಿಡಿಯಿತು. ಹೆಂಗಸರು ಅನ್ನದ ಹಂಡೆ ಇಟ್ಟರು. ನನ್ನ ಗೆಳತಿಯರು ಮೂಗು ಮುಚ್ಚಿ, "ಸ್ವಾಬ್ರಾ, ಆ ಕಡೆ ಹೋಗೇ, ದಮ್ಮಯ್ಯ!" ಅಂದರು. ಹೋಟೆಲಿನವನು ಗರಗಸದ ಆಳುಗಳ ಜೊತೆ ಬಂದು ನಿಂತಿದ್ದ. ಅವನ ಸೆಂಟು ಬೀಸಿತು ನೋಡಿ, ಆಣೆ ಮಾಡಿ ಹೇಳುತ್ತೇನೆ, ಶಾರ್ಕ್ ಎಣ್ಣೆಗೂ ತೊಳಸದಷ್ಟು ಹೊಟ್ಟೆ ತೊಳಸಿತು.

ನೀರು ದಿಬ್ಬ ಏರಿತು. ಹಾಡು ಎದ್ದಿತು. ಎಳೆದೆವು. ಸಲಾಮಾ ಅಲುಗಲಿಲ್ಲ. ಮತ್ತೆ ಎಳೆದೆವು. ಅಂಗೈ ಸುಲಿಯಿತು. ಅವಳು ಒಮ್ಮೆ ಕಿರ್ರ್ ಅಂದಳು, ನಿಂತಳು, ಆಮೇಲೆ ಕೆಳಗಿಟ್ಟಿದ್ದ ದಿಮ್ಮಿಗಳ ಮೇಲೆ ಜಾರಿ, ಸೊಂಟ ಕುಣಿಸಿಕೊಂಡು ನೀರಿಗೆ ಹೋದಳು.

ಅಪ್ಪ ಒಂದೇ ಕೈಯಲ್ಲಿ ದೋಣಿ ಹತ್ತಿ, ಬಗ್ಗಿ, ಒಳಗಿನ ಹಲಗೆಗೆ ಕೆನ್ನೆ ಒತ್ತಿದರು.

"ಒಣಗಿದೆ!" ಅಂತ ಕೂಗಿದರು. "ಒಣಗಿದೆ ಕಣ್ರೋ!" ಅವರ ಕೆನ್ನೆ ಮಾತ್ರ ಒಣಗಿರಲಿಲ್ಲ.

ಹೋಟೆಲಿನವನ ಕತ್ತೆ ಹಿಂತಿರುಗಿತು.

ಅವೇಸೊ ಸೊಂಟಮಟ್ಟದ ನೀರಲ್ಲಿ ದೋಣಿ ಹಿಡಿದು ನಿಂತಿದ್ದ. ನಾನು ಅವನ ಕಡೆಗೆ ನಡೆದೆ. ಅನ್ನದ ಒಲೆಯ ಹೊಗೆ ಎತ್ತ ಹೋಗುತ್ತಿದೆ ಅಂತ ಅವನು ನೋಡಿದ, ದೋಣಿಯ ಅಂಚು ಹಿಡಿದುಕೊಂಡೇ ಆ ಬದಿಗೆ ಸರಿದ. ನಾನೂ ಸುತ್ತು ಹಾಕಿ ಅವನನ್ನು ದಾಟಿದೆ, ಅವನ ಮೇಲಿಂದ ಬಂದ ಗಾಳಿ ನೇರ ನನ್ನ ಮುಖಕ್ಕೆ ಬೀಸುವ ಜಾಗಕ್ಕೆ.

"ಸ್ವಾಬ್ರಾ, ಅಲ್ಲಿ ನಿಲ್ಲಬೇಡ. ಗಾಳಿ—"

"ಗೊತ್ತು," ಅಂದೆ. "ನೋಡೇ ನಿಂತಿದೀನಿ. ಇನ್ನು ಮೇಲೆ ಇಲ್ಲೇ ನಿಲ್ಲೋದು."

ಅವನು ಸರಿಯಲಿಲ್ಲ. ಒದ್ದೆ ರೆಪ್ಪೆ ಎತ್ತಿ ನನ್ನನ್ನೇ ನೋಡಿದ.

ನಾನು ಉದ್ದಕ್ಕೆ ಉಸಿರು ಎಳೆದುಕೊಂಡೆ. ಥೂ, ಎಂಥ ಗಬ್ಬು!

ಇನ್ನೊಮ್ಮೆ ಎಳೆದುಕೊಂಡೆ.